ಗ್ಲೈಡರ್‌ಗಳ ಡಿಕ್ಕಿ: ತಗ್ಗಿಸಬಹುದಾದ ಅಪಾಯ, ಒಪ್ಪಬೇಕಾದ ಅಪಾಯ

ಎಂಜಿನ್ ಇಲ್ಲದ ಗ್ಲೈಡರ್ ಎತ್ತರ ಗಳಿಸುವುದು ಮೇಲೇಳುವ ಗಾಳಿಯಿಂದ ಮಾತ್ರ. ಅಂಥ ಗಾಳಿ ಸಿಗುವ ಜಾಗಗಳು ಕೆಲವೇ ಆದ್ದರಿಂದ ಆಲ್ಪ್ಸ್‌ನಂಥ ಪ್ರದೇಶದಲ್ಲಿ ಒಳ್ಳೆಯ ಹವೆಯ ದಿನ ಎಲ್ಲ ಪೈಲಟ್‌ಗಳೂ ಅದೇ ಥರ್ಮಲ್ (ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬ), ಅದೇ ಬೆಟ್ಟದ ಇಳಿಜಾರು, ಅದೇ ಮೋಡದ ಸಾಲನ್ನು ಹುಡುಕಿಕೊಂಡು ಬರುತ್ತಾರೆ. ಹೀಗೆ ಬೇಕೆಂದೇ ಹತ್ತಿರ ಸೇರುವ ಕ್ರೀಡೆಯಲ್ಲಿ ಡಿಕ್ಕಿಯ ಅಪಾಯ ಪೂರ್ತಿ ಇಲ್ಲವಾಗದು. ಅದರಲ್ಲಿ ಎಷ್ಟನ್ನು ತಗ್ಗಿಸಬಹುದು, ಎಷ್ಟನ್ನು ತಿಳಿದೇ ಒಪ್ಪಿಕೊಳ್ಳಬೇಕು ಎಂಬುದನ್ನು ಹಾರುವ ಮೊದಲೇ ನಿರ್ಧರಿಸಿಕೊಳ್ಳಬೇಕು.

‘ಚೆನ್ನಾಗಿ ನೋಡುತ್ತಿದ್ದರೆ ಸಾಕು’ ಎಂಬ ಮಾತನ್ನು ಮೊದಲು ಲೆಕ್ಕ ಹಾಕಿ ಪರೀಕ್ಷಿಸೋಣ. ಮೋಡದ ಸಾಲಿನ ಕೆಳಗೆ ಗಂಟೆಗೆ 150 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬರುವ ಎರಡು ಗ್ಲೈಡರ್‌ಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 83 ಮೀಟರ್‌ನಂತೆ ಕರಗುತ್ತದೆ, ಅಂದರೆ ಒಂದು ಕಿಲೋಮೀಟರ್‌ಗೆ 12 ಸೆಕೆಂಡು. ಅಮೆರಿಕದ ವಿಮಾನಯಾನ ಆಡಳಿತದ ಸಲಹಾ ಸುತ್ತೋಲೆಯೊಂದು ವಸ್ತುವನ್ನು ಕಾಣುವುದರಿಂದ ಹಿಡಿದು ವಿಮಾನ ದಿಕ್ಕು ಬದಲಿಸುವವರೆಗೆ ಬೇಕಾಗುವ ಸಮಯವನ್ನು 12.5 ಸೆಕೆಂಡು ಎಂದು ಎಣಿಸುತ್ತದೆ; ಅದರಲ್ಲಿ 5 ಸೆಕೆಂಡು ‘ಇದು ನನ್ನ ದಾರಿಗೇ ಬರುತ್ತಿದೆ’ ಎಂದು ಅರಿಯುವುದಕ್ಕೆ, 4 ಸೆಕೆಂಡು ಯಾವ ಕಡೆ ತಿರುಗಬೇಕೆಂದು ನಿರ್ಧರಿಸುವುದಕ್ಕೆ ಹೋಗುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ ಕಂಡರೂ ಆಗಲೇ ತಡವಾಗಿರುತ್ತದೆ. ಎದುರಿನಿಂದ ನೋಡಿದಾಗ ಬಿಳಿ ಗ್ಲೈಡರ್‌ನ ರೆಕ್ಕೆ ಒಂದು ಗೆರೆಯಷ್ಟೇ. ಇಬ್ಬರೂ ನೇರವಾಗಿ ಹಾರುತ್ತಿದ್ದರೆ, ಡಿಕ್ಕಿಯ ದಾರಿಯಲ್ಲಿರುವ ಗ್ಲೈಡರ್ ಕ್ಯಾನಪಿಯಲ್ಲಿ, ಅಂದರೆ ಪೈಲಟ್‌ನ ಆಸನದ ಮೇಲಿನ ಪಾರದರ್ಶಕ ಮುಚ್ಚಳದಲ್ಲಿ, ಒಂದೇ ಬಿಂದುವಿನಲ್ಲಿ ನಿಂತಂತಿರುತ್ತದೆ. ಚಲನೆಯನ್ನು ಬೇಗ ಗುರುತಿಸುವ ಕಣ್ಣಿಗೆ ಅದು ಕೊನೆಯ ಕೆಲವು ಸೆಕೆಂಡುಗಳಲ್ಲಷ್ಟೇ ದೊಡ್ಡದಾಗಿ ಕಾಣುತ್ತದೆ. ನೋಡುವುದನ್ನು ಬಿಡಬೇಕೆಂದು ಇದರರ್ಥವಲ್ಲ, ಆದರೆ ಅದೊಂದನ್ನೇ ನೆಚ್ಚಿಕೊಂಡವರು ಅಪಾಯವನ್ನು ಅಳೆದಿಲ್ಲ.

ಆದ್ದರಿಂದ ನಿಯಮಗಳು ಇನ್ನೊಬ್ಬರ ಚಲನೆಯನ್ನು ಮೊದಲೇ ಊಹಿಸುವಂತೆ ಮಾಡುತ್ತವೆ. ಥರ್ಮಲ್‌ನಲ್ಲಿ ಮೊದಲು ಸುತ್ತುತ್ತಿರುವವರ ದಿಕ್ಕನ್ನೇ ನಂತರ ಬಂದವರೂ ಅನುಸರಿಸಬೇಕು; ಒಳಗಿರುವವರ ದಾರಿಯನ್ನು ಕತ್ತರಿಸದೆ ಹೊರ ಅಂಚಿನಿಂದ ಸೇರಬೇಕು; ಹತ್ತಿರದಲ್ಲಿದ್ದ ಗ್ಲೈಡರ್ ಕಣ್ಮರೆಯಾದರೆ ಏರುಗಾಳಿ ಎಷ್ಟೇ ಚೆನ್ನಾಗಿದ್ದರೂ ಹೊರಬರಬೇಕು. ಈ ಕೊನೆಯದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ ಎಂದು ನನ್ನ ಅಭಿಪ್ರಾಯ, ಏಕೆಂದರೆ ಎತ್ತರ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಇಳಿಜಾರಿನಲ್ಲಿ ಎದುರಾದವರು ಇಬ್ಬರೂ ಬಲಕ್ಕೆ ತಿರುಗಬೇಕೆಂಬುದು ಸಾಮಾನ್ಯ ನಿಯಮವಾದರೂ, ಬಲಗಡೆ ಬೆಟ್ಟವಿರುವವರಿಗೆ ತಿರುಗಲು ಜಾಗವಿಲ್ಲ. ಹಾಗಾಗಿ ಎಡಗಡೆ ಬೆಟ್ಟವಿರುವವರೇ ದಾರಿ ಬಿಡಬೇಕು. ಹಿಂದಿರುಗುವ ತಿರುವುಗಳನ್ನು ಬೆಟ್ಟದಿಂದ ಹೊರಮುಖವಾಗಿಯೇ ತೆಗೆದುಕೊಳ್ಳಬೇಕು.

ಸ್ವಿಟ್ಜರ್ಲೆಂಡ್‌ನಲ್ಲಿ ರೂಪುಗೊಂಡು 2004ರಲ್ಲಿ ಬಳಕೆಗೆ ಬಂದ ಫ್ಲಾರ್ಮ್ ಎಂಬ ಸಾಧನ ಕಣ್ಣಿಗಾಗದ ಕೆಲಸಕ್ಕೆ ನೆರವಾಗುತ್ತದೆ. ಅದು ಜಿಪಿಎಸ್ ಸ್ಥಾನದಿಂದ ತನ್ನ ಮುಂದಿನ ಕೆಲವು ಸೆಕೆಂಡುಗಳ ದಾರಿಯನ್ನು ಲೆಕ್ಕಹಾಕಿ ರೇಡಿಯೊ ಮೂಲಕ ಸಾರುತ್ತದೆ. ಇತರರಿಂದ ಬಂದ ದಾರಿಯೊಂದಿಗೆ ಹೋಲಿಸಿ, ಡಿಕ್ಕಿಯ ಸಂಭವವಿದ್ದರೆ ಮಾತ್ರ ಎಚ್ಚರಿಸುತ್ತದೆ. ಬರೀ ದೂರವನ್ನು ಅಳೆದಿದ್ದರೆ ಥರ್ಮಲ್‌ನಲ್ಲಿ ಅದು ಸದಾ ಕೂಗುತ್ತಲೇ ಇರುತ್ತಿತ್ತು. ಆದರೂ ಸಂಕೇತ ಸಾರುವ ಯಾವ ಸಾಧನವೂ ಇಲ್ಲದ ಪ್ಯಾರಾಗ್ಲೈಡರ್ ಅಥವಾ ಸಣ್ಣ ವಿಮಾನ ಅದಕ್ಕೆ ಕಾಣಿಸದು. ಕಾರ್ಬನ್ ಫೈಬರ್‌ನ ಒಡಲು ಆಂಟೆನಾದ ಸಂಕೇತವನ್ನೂ ತಡೆಯಬಲ್ಲದು. ಪರದೆ ಖಾಲಿಯಿದೆ ಎಂದರೆ ಆಕಾಶ ಖಾಲಿಯಿದೆ ಎಂದು ತಿಳಿಯಬಾರದು.

ಇಷ್ಟಾದ ಮೇಲೂ ಉಳಿಯುವ ಅಪಾಯಕ್ಕಾಗಿ ಗ್ಲೈಡರ್ ಪೈಲಟ್‌ಗಳು ಪ್ಯಾರಾಚೂಟ್ ಧರಿಸುತ್ತಾರೆ. ಕ್ಯಾನಪಿ ಕಳಚುವುದು, ಬೆಲ್ಟ್ ಬಿಚ್ಚುವುದು, ಹೊರಗೆ ಉರುಳುವುದು, ಹಿಡಿ ಎಳೆಯುವುದು ಎಂಬ ಕ್ರಮವನ್ನು ನೆಲದ ಮೇಲೆ ಅಭ್ಯಾಸ ಮಾಡಿರಬೇಕು, ಏಕೆಂದರೆ ತಿರುಗುತ್ತಾ ಬೀಳುವ ಗ್ಲೈಡರ್‌ನಲ್ಲಿ ದೇಹದ ಭಾರ ಹೆಚ್ಚಿ ಏಳುವುದೇ ಕಷ್ಟವಾಗುತ್ತದೆ. ಪೈಲಟ್‌ನನ್ನು ಗಾಳಿಚೀಲದಿಂದ ಮೇಲೆತ್ತುವ ನೋಆ (NOAH) ಎಂಬ ವ್ಯವಸ್ಥೆಯನ್ನು ಜರ್ಮನಿಯ ಡಿಜಿ ಕಂಪನಿ ರೂಪಿಸಿದ್ದು ಇದಕ್ಕಾಗಿಯೇ. ಇದಕ್ಕೆಲ್ಲ ಎತ್ತರ ಬೇಕು. ಇಳಿಯಲು ಸುತ್ತು ಹಾಕುವಾಗ ಅಥವಾ ಬೆಟ್ಟಕ್ಕೆ ಒತ್ತಿ ಹಾರುವಾಗ ಪ್ಯಾರಾಚೂಟ್ ತೆರೆದುಕೊಳ್ಳುವಷ್ಟು ಜಾಗವೇ ಇರದಿರಬಹುದು. ಅಲ್ಲಿ ರಕ್ಷಣೆಯ ಒಂದು ಪದರವೇ ಕಳಚಿರುವುದರಿಂದ, ಎತ್ತರದಲ್ಲಿ ಒಪ್ಪಬಹುದಾದ ಗುಂಪಿನ ಹಾರಾಟವನ್ನು ತಗ್ಗಿನಲ್ಲಿ ಒಪ್ಪಬಾರದು.