ಹಂಚಿಕೆ ಫೋಲ್ಡರಿನಿಂದ ಡೇಟಾಬೇಸಿಗೆ: ಓಪನ್ ಸೋರ್ಸ್ ಜಾವಾ ಲೈಬ್ರರಿಗಳ ಕುರಿತು ಅಧ್ಯಯನ ಟಿಪ್ಪಣಿ

ಕಲಬುರಗಿಯ ಕೃಷಿ ಮಾರುಕಟ್ಟೆಯ ತೊಗರಿ ಆವಕ ಮತ್ತು ಧಾರಣೆಯ ಪಟ್ಟಿಯನ್ನು ದಿನವೂ ಒಂದು ವಿಂಡೋಸ್ ಕಂಪ್ಯೂಟರಿನ ಹಂಚಿಕೆ ಫೋಲ್ಡರಿನಲ್ಲಿ ಇಡುತ್ತಾರೆ ಎಂದು ಭಾವಿಸೋಣ. ಅದನ್ನು ಓದಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿಗೆ ತುಂಬುವ ಜಾವಾ ಪ್ರೋಗ್ರಾಮ್ ನಮ್ಮ ಅಭ್ಯಾಸ. ಇದಕ್ಕೆ ಬೇಕಾದ ಲೈಬ್ರರಿಗಳೆಲ್ಲ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಉಚಿತವಾಗಿ ದೊರೆಯುತ್ತವೆ. ಆದರೆ ನಾವು ಏನನ್ನೂ ಹೇಳದಿದ್ದಾಗ ಲೈಬ್ರರಿ ತಾನೇ ಇಟ್ಟುಕೊಳ್ಳುವ ಡಿಫಾಲ್ಟ್ ಮೌಲ್ಯಗಳನ್ನು ಓದಿಕೊಳ್ಳದೆ ಬಳಸಿದರೆ ತೊಂದರೆ ಖಚಿತ.

ವಿಂಡೋಸ್ ಫೋಲ್ಡರಿನ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ಪ್ರೋಟೊಕಾಲ್ (ಕಂಪ್ಯೂಟರುಗಳು ಮಾತಾಡಿಕೊಳ್ಳುವ ನಿಯಮಾವಳಿ) ಮೂಲಕ, 445ನೇ ಪೋರ್ಟಿನಲ್ಲಿ. ಹಳೆಯ ಪಾಠಗಳಲ್ಲಿ ಕಾಣುವ ಜೆಸಿಐಎಫ್‌ಎಸ್ ಎಂಬ ಎಸ್‌ಎಂಬಿ ಲೈಬ್ರರಿಯ ಮೂಲ ಆವೃತ್ತಿಗಳು ಎಸ್‌ಎಂಬಿ 1ಕ್ಕೆ ಸೀಮಿತವಾಗಿದ್ದವು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುರುದ್ದೇಶದ ತಂತ್ರಾಂಶ ಹರಡಿದ್ದು ಅದೇ ಎಸ್‌ಎಂಬಿ 1ರ ದೋಷವನ್ನು ಬಳಸಿಕೊಂಡು. ಆದ್ದರಿಂದ ಎಸ್‌ಎಂಬಿ 2 ಮತ್ತು 3ನ್ನು ಬಲ್ಲ ಎಸ್‌ಎಂಬಿಜೆ ಲೈಬ್ರರಿಯನ್ನೇ ಆರಿಸಬೇಕು. ಫೈಲು ಎಫ್‌ಟಿಪಿ (ಫೈಲು ವರ್ಗಾವಣೆಯ ಇನ್ನೊಂದು ಪ್ರೋಟೊಕಾಲ್) ಸರ್ವರಿನಲ್ಲಿದ್ದರೆ ಅಪಾಚೆ ಕಾಮನ್ಸ್ ನೆಟ್ ಲೈಬ್ರರಿ ಸಾಕು; ಆದರೆ ಅದರ ಡಿಫಾಲ್ಟ್ ವರ್ಗಾವಣೆ ಆಸ್ಕಿ (ಪಠ್ಯ) ಮೋಡ್‌ನಲ್ಲಿರುವುದರಿಂದ, ಬೈನರಿ (ಬೈಟ್‌ಗಳನ್ನು ಇದ್ದಂತೆಯೇ ಕಳಿಸುವ) ಮೋಡ್ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಎಕ್ಸೆಲ್ ಅಥವಾ ಜಿಪ್ ಫೈಲು ಕೆಡಬಹುದು.

ಕನ್ನಡದ ಊರುಗಳ ಹೆಸರು ಪಟ್ಟಿಯಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ; ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್ ಹಿಡಿಯುತ್ತದೆ. ಜಾವಾದ ಡಿಫಾಲ್ಟ್ ಎನ್‌ಕೋಡಿಂಗ್ ಎಲ್ಲ ಕಡೆಯೂ ಯುಟಿಎಫ್-8 ಆದದ್ದು 2022ರ ಜಾವಾ 18ರಲ್ಲಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಬೈಟ್‌ಗಳನ್ನು ಅಕ್ಷರಗಳಾಗಿ ಓದುವ ಇನ್‌ಪುಟ್‌ಸ್ಟ್ರೀಮ್‌ರೀಡರ್‌ಗೆ ಎನ್‌ಕೋಡಿಂಗ್ ತಿಳಿಸದಿದ್ದರೆ ಚಿಂಚೋಳಿ, ಆಳಂದ ಎಂಬ ಹೆಸರುಗಳು ಗುರುತು ಸಿಗದ ಅಕ್ಷರಗಳಾಗಿ ಡೇಟಾಬೇಸ್ ಸೇರಬಹುದು. ಯಾವ ಆವೃತ್ತಿಯಾದರೂ ಅದನ್ನು ಬರೆದೇ ತಿಳಿಸುವುದು ಒಳ್ಳೆಯದು.

ಇನ್ನು ಜೆಡಿಬಿಸಿ, ಅಂದರೆ ಜಾವಾದಿಂದ ಡೇಟಾಬೇಸನ್ನು ಸಂಪರ್ಕಿಸುವ ವ್ಯವಸ್ಥೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರತಿ ಸಂಪರ್ಕಕ್ಕೂ ಸರ್ವರಿನಲ್ಲಿ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಆದ್ದರಿಂದ ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆಯುವ ಬದಲು, ತೆರೆದವನ್ನೇ ಮರುಬಳಸುವ ಹಿಕಾರಿಸಿಪಿಯಂತಹ ಪೂಲ್ ಬೇಕಾಗುತ್ತದೆ. ಹಿಕಾರಿಸಿಪಿಯ ಡಿಫಾಲ್ಟ್ ಗರಿಷ್ಠ 10 ಸಂಪರ್ಕ, ಮತ್ತು ಬೇರೆ ಹೇಳದಿದ್ದರೆ ಅದು ಅಷ್ಟನ್ನೂ ತೆರೆದೇ ಇಡುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಡಿಫಾಲ್ಟ್ ಮಿತಿ 100 ಸಂಪರ್ಕ, ಅದರಲ್ಲಿ 3 ಸೂಪರ್‌ಯೂಸರ್‌ಗೆ (ಡೇಟಾಬೇಸಿನ ಮೇಲ್ವಿಚಾರಕರಿಗೆ) ಮೀಸಲು. ಅಂದರೆ ಒಂದೇ ಪ್ರೋಗ್ರಾಮಿನ 9 ಪ್ರತಿಗಳು ಸಲೀಸಾಗಿ ಓಡಿ, ಹತ್ತನೆಯದಕ್ಕೆ ಬೇಕಾದಷ್ಟು ಸಂಪರ್ಕ ಸಿಗುವುದಿಲ್ಲ. ಕೋಡಿನಲ್ಲಿ ಯಾವ ದೋಷವೂ ಇಲ್ಲದೆ ಹೀಗಾಗುವುದರಿಂದ ಕಲಿಯುವವರು ಕಾರಣವನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಪೂಲ್‌ನಿಂದ ಪಡೆದ ಸಂಪರ್ಕದ ಮೇಲೆ ಕ್ಲೋಸ್ ಕರೆದರೆ ಅದು ನಿಜವಾಗಿ ಮುಚ್ಚುವುದಿಲ್ಲ, ಪೂಲ್‌ಗೆ ಮರಳುತ್ತದೆ. ಮರಳಿಸದೆ ಹತ್ತನ್ನೂ ಹಿಡಿದಿಟ್ಟರೆ ಮುಂದಿನ ಕೋರಿಕೆ 30 ಸೆಕೆಂಡು ಕಾದು ವಿಫಲವಾಗುತ್ತದೆ. ಹೀಗೆ ಮರಳದ ಸಂಪರ್ಕಗಳ ಸೋರಿಕೆಯನ್ನು ಪತ್ತೆಹಚ್ಚುವ ಸೌಲಭ್ಯ ಹಿಕಾರಿಸಿಪಿಯಲ್ಲಿದ್ದರೂ ಡಿಫಾಲ್ಟ್ ಆಗಿ ಅದು ನಿಷ್ಕ್ರಿಯ. 2011ರ ಜಾವಾ 7ರಿಂದ ಲಭ್ಯವಿರುವ ಟ್ರೈ-ವಿತ್-ರಿಸೋರ್ಸಸ್ (ಕ್ಲೋಸ್ ಅನ್ನು ತಾನೇ ಕರೆಯುವ ಬರವಣಿಗೆಯ ಕ್ರಮ) ಬಳಸಿದರೆ ಎಕ್ಸೆಪ್ಷನ್ (ದೋಷ) ಬಂದಾಗಲೂ ಸಂಪರ್ಕ ತಾನಾಗಿ ಮರಳುತ್ತದೆ.

ಕೊನೆಯದಾಗಿ ಆಟೊಕಮಿಟ್, ಅಂದರೆ ಪ್ರತಿ ಆದೇಶದ ಫಲವನ್ನೂ ಆಗಲೇ ಖಾಯಂಗೊಳಿಸುವುದು (ಕಮಿಟ್). ಜೆಡಿಬಿಸಿಯಲ್ಲಿ ಡಿಫಾಲ್ಟ್ ಆಗಿ ಅದು ಚಾಲೂ ಇರುವುದರಿಂದ ಪ್ರತಿ ಸಾಲೂ ಪ್ರತ್ಯೇಕ ವ್ಯವಹಾರವಾಗಿ (ಟ್ರಾನ್ಸಾಕ್ಷನ್) ಉಳಿಯುತ್ತದೆ, ನಡುವೆ ನೆಟ್‌ವರ್ಕ್ ಕಡಿದರೆ ಅರ್ಧ ಪಟ್ಟಿ ಮಾತ್ರ ಸೇರಿರುತ್ತದೆ. ಆದ್ದರಿಂದ ಮೊದಲು ಫೈಲನ್ನು ಪೂರ್ತಿ ಓದಿ ಎಸ್‌ಎಂಬಿ ಸಂಪರ್ಕವನ್ನು ಮುಚ್ಚಿ, ಆಮೇಲೆ ಡೇಟಾಬೇಸ್ ಸಂಪರ್ಕ ಪಡೆದು, ಆಟೊಕಮಿಟ್ ನಿಲ್ಲಿಸಿ, ಸಾಲುಗಳನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟಿನ (ಮೊದಲೇ ಸಿದ್ಧಪಡಿಸಿದ ಆದೇಶದ) ಬ್ಯಾಚ್ ಆಗಿ ಸೇರಿಸಿ, ಒಮ್ಮೆಗೇ ಕಮಿಟ್ ಮಾಡಬೇಕು.