‘ಕೆ ತಾಲ್?’ ಅಂದರೆ ಏನು ಹೇಳಬೇಕು?

ಪ್ರಶ್ನೆ: ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ್ದೇನೆ. ಹೇಗಿದ್ದೀಯ ಅನ್ನೋಕೆ ಪುಸ್ತಕದಲ್ಲಿ ‘ಕೋಮೊ ಎಸ್ತಾಸ್?’ ಅಂತಿದೆ. ಮಾತಾಡುವವರು ಮಾತ್ರ ‘ಓಲಾ, ಕೆ ತಾಲ್?’ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ‘ಓಲಾ’ ಬರೆಯುವಾಗ ಮುಂದೆ ಒಂದು ‘ಎಚ್’ ಇರುತ್ತದೆ, ಬಾಯಲ್ಲಿ ಬರುವುದಿಲ್ಲ. ನಮ್ಮಲ್ಲಿ ಹಾಲನ್ನು ‘ಆಲು’ ಅನ್ನೋರಿದ್ದಾರಲ್ಲ, ಹಾಗೆ. ಅದರ ಹಿಂದೆ ಬರುವ ‘ಕೆ ತಾಲ್’ ನಮ್ಮ ‘ಏನ್ ಸಮಾಚಾರ’ ಇದ್ದಂತೆ. ಸಮಾಚಾರ ಪೂರ್ತಿ ಕೇಳೋಕೆ ಯಾರೂ ನಿಂತಿರುವುದಿಲ್ಲ. ‘ಬಿಯೆನ್, ಇ ತು?’ (ಚೆನ್ನಾಗಿದ್ದೀನಿ, ನೀನು?) ಅಂದರೆ ಸಾಕು. ಇದರಲ್ಲಿ ಕ್ರಿಯಾಪದವೇ ಇಲ್ಲ, ಹಾಗಾಗಿ ‘ಕೆ ತಾಲ್’ ಕೇಳುವಾಗ ಏಕವಚನವೋ ಬಹುವಚನವೋ ಅನ್ನುವ ತಲೆನೋವೂ ಇಲ್ಲ. ಹೊಸಬರಿಗೆ ಇದೇ ಸಲೀಸು.

ಎಚ್ಚರ ಬೇಕಾಗಿರುವುದು ‘ಕೋಮೊ ಎಸ್ತಾಸ್’ನಲ್ಲಿ. (‘ಎಸ್ಟಾಸ್’ ಅನ್ನಬೇಡಿ, ಅದು ನಮ್ಮ ‘ತ’ನೇ.) ‘ಎಸ್ತಾಸ್’ ಅಂದರೆ ‘ಇದ್ದೀಯ’. ಹಿರಿಯರಿಗೆ, ಗುರುತಿಲ್ಲದವರಿಗೆ ಕೊನೆಯ ‘ಸ್’ ಬಿಟ್ಟು ‘ಕೋಮೊ ಎಸ್ತಾ?’ ಅನ್ನಬೇಕು, ಬೇಕಿದ್ದರೆ ‘ಉಸ್ತೆದ್’ (ನೀವು) ಸೇರಿಸಬಹುದು. ಹೇಗಿದ್ದೀಯ, ಹೇಗಿದ್ದೀರಿ ಅಂದಾಗ ನೀನು, ನೀವು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲೇ ಒದ್ದಾಡುವುದು. ನೀವು ಸುಮ್ನೆ ಕನ್ನಡದಿಂದ ನೇರ ಹೋಗಿ.

ಮರ್ಯಾದೆಯ ಅಳತೆ ಮಾತ್ರ ಊರಿಗೊಂದು. ಸ್ಪೇನ್‌ನಲ್ಲಿ ಬಲು ಬೇಗ ಏಕವಚನಕ್ಕೆ ಬರುತ್ತಾರೆ. ಕೊಲಂಬಿಯಾದ ಬೊಗೊಟಾದಲ್ಲಿ ಗೆಳೆಯರು, ಮನೆಯವರು ಕೂಡ ಪರಸ್ಪರ ‘ಉಸ್ತೆದ್’ ಅನ್ನುವುದುಂಟು. ಅರ್ಜೆಂಟೀನಾದವರದು ‘ಕೋಮೊ ಆಂದಾಸ್?’, ಮೆಕ್ಸಿಕೋದ ಹುಡುಗರದು ‘ಕೆ ಓಂದಾ?’. ಇದನ್ನು ಗೆಳೆಯರ ನಡುವೆ ಮಾತ್ರ ಇಟ್ಟುಕೊಳ್ಳಿ.

ಉತ್ತರ ಕೊಡುವಾಗ ಒಂದು ಗುಂಡಿ ಇದೆ. ಚೆನ್ನಾಗಿದ್ದೀನಿ ಅನ್ನೋಕೆ ‘ಎಸ್ತೊಯ್ ಬಿಯೆನ್’. ‘ಬುವೆನೊ’ ಅಂದರೆ ಒಳ್ಳೆಯದು ಅಂತ ನಿಘಂಟಿನಲ್ಲಿ ನೋಡಿ ‘ಎಸ್ತೊಯ್ ಬುವೆನೊ’ ಅಂದಿರೋ, ‘ನಾನು ನೋಡೋಕೆ ಸಖತ್ತಾಗಿದ್ದೀನಿ’ ಅಂದ ಹಾಗಾಗುತ್ತದೆ. ಎದುರಿಗಿದ್ದವರು ನಗು ತಡೆದುಕೊಳ್ಳುವುದು ಕಷ್ಟ.

ಇನ್ನು ‘ಬುವೆನೊಸ್ ದಿಯಾಸ್’, ಅಂದರೆ ಬೆಳಗಿನ ನಮಸ್ಕಾರ. ಸ್ಪೇನ್‌ನಲ್ಲಿ ಮಧ್ಯಾಹ್ನ 1 ಗಂಟೆಗೂ ಇದು ಕಿವಿಗೆ ಬಿದ್ದರೆ ಗಾಬರಿ ಬೇಡ. ಅಲ್ಲಿ ಊಟದ ಹೊತ್ತು ಸುಮಾರು 2 ಗಂಟೆ, ‘ಬುವೆನಾಸ್ ತಾರ್ದೆಸ್’ ಊಟದ ಮೇಲೆಯೇ. ಲೆಕ್ಕ ತಪ್ಪಬಹುದು ಅನ್ನಿಸಿದರೆ ಅಂಗಡಿಯೊಳಗೆ ಕಾಲಿಡುತ್ತಾ ಬರೀ ‘ಬುವೆನಾಸ್’ ಅನ್ನಿ. ಗಡಿಯಾರ ನೋಡುವ ಕೆಲಸವೇ ಇಲ್ಲ.