ಲೈಸೆನ್ಸ್ ಕೊಟ್ಟದ್ದು ಒಂದು ರಾಜ್ಯ, ಇಂಜೆಕ್ಷನ್ ಹೋದದ್ದು 23 ರಾಜ್ಯಕ್ಕೆ

2012ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ವೈದ್ಯೆಯೊಬ್ಬರು ಆರೋಗ್ಯ ಇಲಾಖೆಗೆ ಒಂದು ವಿಚಿತ್ರ ಕೇಸು ತಿಳಿಸಿದರು. ರೋಗಿಗೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು), ಆದರೆ ಅದು ಬಂದದ್ದು ಬೂಷ್ಟಿನಿಂದ. ಸ್ವಲ್ಪ ಮೊದಲು ಆತ ಬೆನ್ನುನೋವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದ. ಹುಡುಕುತ್ತಾ ಹೋದಾಗ ದಾರಿ ಮುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್‌ಗೆ. ಅಲ್ಲಿಂದ ಮೂರು ಬ್ಯಾಚ್‌ಗಳಲ್ಲಿ 17,000ಕ್ಕೂ ಜಾಸ್ತಿ ವಯಲ್‌ಗಳು 23 ರಾಜ್ಯಗಳಿಗೆ ಹೋಗಿದ್ದವು. 2013ರ ಸರ್ಕಾರಿ ಲೆಕ್ಕದ ಪ್ರಕಾರ 753 ಜನ ಕಾಯಿಲೆ ಬಿದ್ದರು, 64 ಜನ ಸತ್ತರು.

ಔಷಧ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಡಿಎ ಅಧಿಕಾರಿಗಳು ಅಲ್ಲಿ ಒಂದು ಬ್ಯಾಚಿನ 321 ವಯಲ್‌ಗಳನ್ನು ನೋಡಿದಾಗ 83ರಲ್ಲಿ ಹಸಿರುಗಪ್ಪು ಕಸ ತೇಲುತ್ತಿತ್ತು. ಇನ್ನೂ 17ರಲ್ಲಿ ಬಿಳಿ ಎಳೆಗಳು. ಬರಿಗಣ್ಣಿಗೇ ಕಾಣುತ್ತಿತ್ತು.

ಇದೇನು ಔಷಧ ಕಾರ್ಖಾನೆಯಲ್ಲ. ಕಾಗದದ ಮೇಲೆ ಅದೊಂದು ಫಾರ್ಮಸಿ, ಅಷ್ಟೇ. ಹಿಂದೆ ನಮ್ಮೂರ ಡಾಕ್ಟರ ಶಾಪಿನಲ್ಲಿ ಕಾಂಪೌಂಡರ್ ಮಿಕ್ಸ್ಚರ್ ಕಲಸಿ, ಡೋಸಿನ ಗುರುತಿಗೆ ಬಾಟಲಿ ಮೇಲೆ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರಲ್ಲ, ಕಾಂಪೌಂಡಿಂಗ್ ಅಂದರೆ ಮೂಲದಲ್ಲಿ ಅದೇ ಕೆಲಸ. ಮಾತ್ರೆ ನುಂಗಲಾರದ ಮಗುವಿಗೆ ಸಿರಪ್, ಬಣ್ಣ ಒಗ್ಗದವರಿಗೆ ಬಣ್ಣವಿಲ್ಲದ ಮಾತ್ರೆ. ಒಬ್ಬ ರೋಗಿ, ಒಂದು ಚೀಟಿ, ಒಂದು ಬಾಟಲಿ. ಹಾಗಾಗಿ ಫಾರ್ಮಸಿಗಳನ್ನು ಆಯಾ ರಾಜ್ಯದ ಮಂಡಳಿ ನೋಡಿಕೊಳ್ಳುತ್ತಿತ್ತು, ಕಾರ್ಖಾನೆಗಳನ್ನು ಎಫ್‌ಡಿಎ. ಫಾರ್ಮಸಿಯೇ ಕಾರ್ಖಾನೆಯಷ್ಟು ಮಾಡಿ ದೇಶವೆಲ್ಲಾ ಕಳಿಸಲು ಶುರು ಮಾಡಿದಾಗ ತೊಂದರೆ ಬಂತು.

1997ರಲ್ಲಿ ಸಂಸತ್ತು ಒಂದು ಗೆರೆ ಎಳೆಯಿತು. ಚೀಟಿ ಇದ್ದರೆ ಮಾತ್ರ ಮಾಡಿ, ಇಂಥ ಔಷಧಿ ಮಾಡಿಕೊಡುತ್ತೇವೆ ಎಂದು ಜಾಹೀರಾತು ಕೊಡಬೇಡಿ. ರಾಜ್ಯ ಸರ್ಕಾರ ಎಫ್‌ಡಿಎ ಜೊತೆ ಒಪ್ಪಂದ ಮಾಡಿಕೊಳ್ಳದಿದ್ದರೆ ನಿಮ್ಮ ಒಟ್ಟು ಆರ್ಡರ್‌ನಲ್ಲಿ ಹೊರರಾಜ್ಯಕ್ಕೆ ಶೇ. 5ಕ್ಕಿಂತ ಜಾಸ್ತಿ ಕಳಿಸಬೇಡಿ. ಜಾಹೀರಾತಿನ ನಿಷೇಧವನ್ನು 2002ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಹೊಡೆದುಹಾಕಿತು. ಹಾಗಾದರೆ ಉಳಿದ ನಿಯಮ ನಿಂತಿದೆಯೋ ಬಿದ್ದಿದೆಯೋ? ಪಶ್ಚಿಮದ ಒಂದು ಮೇಲ್ಮನವಿ ಕೋರ್ಟು ಎಲ್ಲವೂ ಬಿತ್ತು ಅಂದಿತ್ತು. 2008ರಲ್ಲಿ ದಕ್ಷಿಣದ ಇನ್ನೊಂದು ಕೋರ್ಟು ನಿಂತಿದೆ ಅಂದಿತು. ಒಂದೇ ದೇಶ, ಒಂದೇ ಕಾನೂನು, ಆದರೆ ಊರಿಗೊಂದು ಅರ್ಥ.

ಹೊರಗಿನ ಫಾರ್ಮಸಿಗೂ ಲೈಸೆನ್ಸ್ ಬೇಕು ಎಂದು ಹೆಚ್ಚಿನ ರಾಜ್ಯಗಳು ಹೇಳುತ್ತಿದ್ದವು ನಿಜ. ಆದರೆ ಖುದ್ದಾಗಿ ಹೋಗಿ ನೋಡುವವರು ಕಡಿಮೆ. ತವರು ರಾಜ್ಯ ಸರಿ ಅಂದರೆ ನಮಗೂ ಸರಿ, ಅಷ್ಟೇ. ಈ ನಂಬಿಕೆ ಎಷ್ಟು ಟೊಳ್ಳು ಎನ್ನುವುದಕ್ಕೆ ಕೊಲೊರಾಡೊ ಸಾಕು. ಚೀಟಿಯಿಲ್ಲದೆ ಔಷಧಿ ಕಳಿಸುತ್ತಿದ್ದಾರೆ, ನಿಲ್ಲಿಸಿ ಎಂದು ಆ ರಾಜ್ಯ ಈ ಕಂಪನಿಗೆ 2011ರಲ್ಲೇ ಆದೇಶ ಕೊಟ್ಟಿತ್ತು. 2012ರ ಜುಲೈನಲ್ಲಿ ಮತ್ತೆ ಸಿಕ್ಕಿಬಿದ್ದಾಗ ಮ್ಯಾಸಚೂಸೆಟ್ಸ್ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ಸುಮ್ನೆ ಕೂತಿತು. ವಿಷವಾದ ಮೂರನೇ ಬ್ಯಾಚಿನ ತಾರೀಖು ನೋಡಿ: ಆಗಸ್ಟ್ 10. ಆ ದೂರನ್ನು ಯಾರಾದರೂ ಓದಿ ಬಾಗಿಲು ಹಾಕಿಸಿದ್ದರೆ ಆ ಬ್ಯಾಚು ಹೊರಗೇ ಬರುತ್ತಿರಲಿಲ್ಲ, ಅಲ್ವಾ? ಮಂಡಳಿಯ ನಿರ್ದೇಶಕರನ್ನು ಆಮೇಲೆ ಕೆಲಸದಿಂದ ತೆಗೆದರು. ಚೀಟಿ ಇದೆ ಎಂದು ತೋರಿಸಲು ಕಂಪನಿ ಬರೆದ ಸುಳ್ಳು ದಾಖಲೆಯಲ್ಲಿ ರೋಗಿಗಳ ಹೆಸರೆಂದು ಮೈಕಲ್ ಜಾಕ್ಸನ್, ಡಯಾನಾ ರಾಸ್ ಕೂಡ ಇದ್ದರು!

2013ರ ನವೆಂಬರ್‌ನಲ್ಲಿ ಹೊಸ ಕಾನೂನು ಬಂತು. ಚೀಟಿಯಿಲ್ಲದೆ ಸಗಟಾಗಿ ಮಾಡುವವರು ಎಫ್‌ಡಿಎಯಲ್ಲಿ ಹೆಸರು ನೋಂದಾಯಿಸಿ, ಕಾರ್ಖಾನೆ ಮಟ್ಟದ ಶುಚಿತ್ವ ಪಾಲಿಸಬಹುದು. 'ಬಹುದು' ಅಷ್ಟೇ, ನೋಂದಣಿ ಅವರವರ ಇಷ್ಟ. ನನ್ನ ಪ್ರಕಾರ ಇಲ್ಲೇ ಕಾನೂನು ಹಿಂಜರಿದದ್ದು. ರಾಜ್ಯಗಳೂ ಎಚ್ಚೆತ್ತವು. ಹೊರರಾಜ್ಯದ ಫಾರ್ಮಸಿಗಳಿಗೂ ಲೈಸೆನ್ಸ್ ಬೇಕು ಎಂದು ಮ್ಯಾಸಚೂಸೆಟ್ಸ್ 2014ರಲ್ಲಿ ಕಾನೂನು ಮಾಡಿತು.

ಶೇ. 5ರ ಕಥೆ ಮಾತ್ರ ಮುಗಿದಿಲ್ಲ. ರಾಜ್ಯಗಳ ಜೊತೆ ಮಾಡಿಕೊಳ್ಳಬೇಕಿದ್ದ ಆ ಒಪ್ಪಂದದ ಕರಡನ್ನು ಎಫ್‌ಡಿಎ 2020ರಲ್ಲಿ ಕೊನೆಗೂ ಪಕ್ಕಾ ಮಾಡಿತು. ಫಾರ್ಮಸಿಗಳು ಕೋರ್ಟಿಗೆ ಹೋದವು. ಸಣ್ಣ ವ್ಯಾಪಾರಗಳ ಮೇಲಿನ ಪರಿಣಾಮ ಲೆಕ್ಕಹಾಕಿಲ್ಲ ಎಂದು 2021ರಲ್ಲಿ ಕೋರ್ಟು ಅದನ್ನು ವಾಪಸು ಕಳಿಸಿತು. ಅಷ್ಟರಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡ್‌ಗೆ ಬರ ಬಂತು, ಕಾಂಪೌಂಡಿಂಗ್ ಫಾರ್ಮಸಿಗಳು ಅದನ್ನು ಮಾಡಿ ರಾಜ್ಯ ರಾಜ್ಯಕ್ಕೂ ಪಾರ್ಸೆಲ್ ಮಾಡಿದವು. 2025ರ ಫೆಬ್ರವರಿಯಲ್ಲಿ ಎಫ್‌ಡಿಎ ಕೊರತೆ ಮುಗಿಯಿತು ಅಂದಿತು. ಶೇ. 5ರ ಮಿತಿಯನ್ನು ಮಾತ್ರ, ಹೊಸ ನಿಯಮ ಬರೆಯುವವರೆಗೆ ಜಾರಿ ಮಾಡುವುದಿಲ್ಲ ಎಂದು ಅದೇ ಸಂಸ್ಥೆ ಹೇಳಿಕೊಂಡಿದೆ.